ಪ್ಯಾರಿಸ್ಸಿನ ಊಟ, ಸೇನ್ ನದಿ ಮತ್ತು ರಂಜಕ: ಎರಡು ಶತಮಾನಗಳ ಒಂದು ಪ್ರಕರಣ ಅಧ್ಯಯನ

ಒಂದು ನಗರ ದಿನವೂ ಎಷ್ಟು ಆಹಾರವನ್ನು ತರಿಸಿಕೊಳ್ಳುತ್ತದೆ ಎಂಬ ಲೆಕ್ಕ ಮಾರುಕಟ್ಟೆಯಲ್ಲಿ ಸಿಗುತ್ತದೆ. ಆ ಆಹಾರದೊಳಗಿದ್ದ ಖನಿಜಗಳು ಉಂಡವರ ದೇಹವನ್ನು ದಾಟಿದ ಮೇಲೆ ಎಲ್ಲಿ ಹೋಗಿ ಸೇರುತ್ತವೆ ಎಂಬುದನ್ನು ಮಾತ್ರ ಯಾರಾದರೂ ಕುಳಿತು ಹುಡುಕಬೇಕಾಗುತ್ತದೆ. ಪ್ಯಾರಿಸ್ಸಿನ ಮಟ್ಟಿಗೆ ಈ ಹುಡುಕಾಟ ಬಹಳ ಶ್ರದ್ಧೆಯಿಂದ ನಡೆದಿದೆ. 19ನೆಯ ಶತಮಾನದಲ್ಲಿ ನಗರದ ದ್ವಾರಗಳಲ್ಲಿ ಆಹಾರ ಮತ್ತು ಮೇವಿನ ಮೇಲೆ ಸುಂಕ ವಸೂಲಿ ಮಾಡುತ್ತಿದ್ದುದರಿಂದ ಒಳಬಂದ ವಸ್ತುಗಳ ದಾಖಲೆ ಉಳಿದುಬಂದಿದೆ. 1989ರಿಂದ ಈಚೆಗೆ ಸೇನ್ ನದೀ ಕೊಳ್ಳದ ಕುರಿತು ಪಿರೆನ್-ಸೇನ್ ಎಂಬ ದೀರ್ಘಕಾಲಿಕ ಸಂಶೋಧನಾ ಕಾರ್ಯಕ್ರಮ ನೀರು, ಮಣ್ಣು, ಕೃಷಿ ಮೂರನ್ನೂ ಒಟ್ಟಿಗೆ ಅಳೆಯುತ್ತಾ ಬಂದಿದೆ. ಒಂದೇ ನಗರ, ಒಂದೇ ನದಿ ಮತ್ತು ಸುತ್ತಲಿನ ಒಂದೇ ಕೃಷಿ ಪ್ರದೇಶವನ್ನು ಇಷ್ಟು ದೀರ್ಘಕಾಲ ಹಿಂಬಾಲಿಸಲು ಸಾಧ್ಯವಾಗುವ ಸಂದರ್ಭಗಳು ಅಪರೂಪ. ಅದಕ್ಕಾಗಿಯೇ ರಂಜಕದ, ಅಂದರೆ ಫಾಸ್ಫರಸ್‌ನ, ಚಲನೆಯನ್ನು ಅರಿಯಲು ಈ ಪ್ರಕರಣವನ್ನು ಆರಿಸಿಕೊಂಡಿದ್ದೇನೆ.

ಈ ಅಧ್ಯಯನ ಮುಂದಿಡುವ ವಾದ ಒಂದೇ. ಪ್ಯಾರಿಸ್ಸಿನ ಇತಿಹಾಸದಲ್ಲಿ ರಂಜಕ ಹೊಲಕ್ಕೆ ಮರಳಿತೋ, ನದಿಗೆ ಬಿದ್ದಿತೋ ಎಂಬುದನ್ನು ರಂಜಕದ ಬೆಲೆಯಾಗಲಿ ಬೆಳೆಯ ಅಗತ್ಯವಾಗಲಿ ನಿರ್ಧರಿಸಿದ್ದು ಕಡಿಮೆ. ಅದರ ಜೊತೆಗೆ ಏನು ಬೆರೆತಿತ್ತು ಎಂಬುದೇ ಪ್ರತಿ ಬಾರಿಯೂ ಅದರ ಹಾದಿಯನ್ನು ನಿರ್ಧರಿಸಿತು. ಮೊದಲು ನೀರು ಬೆರೆಯಿತು, ಆಮೇಲೆ ಸೀಸ ಮತ್ತು ಸತು, ಕೊನೆಗೆ ಕಬ್ಬಿಣ.

ಲೆಕ್ಕದ ತಳಹದಿ

ಸಾರಜನಕಕ್ಕೆ ತಪ್ಪಿಸಿಕೊಳ್ಳುವ ದಾರಿಗಳು ಹಲವು. ಅದು ಅಮೋನಿಯವಾಗಿ ಗಾಳಿಗೆ ಸೇರಬಹುದು, ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಮತ್ತೆ ವಾತಾವರಣದ ಅನಿಲವೇ ಆಗಿಬಿಡಬಹುದು. ರಂಜಕಕ್ಕೆ ಅಂತಹ ಅವಕಾಶವಿಲ್ಲವೆಂದೇ ಹೇಳಬೇಕು. ಅದು ಮಣ್ಣಿನಲ್ಲಿರುತ್ತದೆ, ಇಲ್ಲವೇ ನೀರಿನಲ್ಲಿರುತ್ತದೆ, ಇಲ್ಲವೇ ಜೀವಿಯ ಒಡಲಿನಲ್ಲಿರುತ್ತದೆ. ಆದ್ದರಿಂದ ನಗರದೊಳಕ್ಕೆ ಬಂದ ರಂಜಕವೆಲ್ಲ ಎಲ್ಲೋ ಒಂದು ಕಡೆ ಇದ್ದೇ ಇರಬೇಕು, ಹುಡುಕಿದರೆ ಸಿಗಲೇಬೇಕು.

ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 700 ಗ್ರಾಂ ರಂಜಕವಿದೆ, ಅದರ ಶೇಕಡಾ 85ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ. ಬೆಳವಣಿಗೆ ನಿಂತ ಮೇಲೆ ಈ ದಾಸ್ತಾನು ಹೆಚ್ಚುವುದಿಲ್ಲ, ಹೀಗಾಗಿ ಊಟದಲ್ಲಿ ಬಂದಷ್ಟೂ ಹೊರಗೆ ಹೋಗುತ್ತದೆ: ದಿನಕ್ಕೆ ಒಂದೂಕಾಲರಿಂದ ಒಂದೂವರೆ ಗ್ರಾಂ, ವರ್ಷಕ್ಕೆ ಸ್ಥೂಲವಾಗಿ ಅರ್ಧ ಕಿಲೋ. ಇದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮೂತ್ರದಲ್ಲಿದ್ದು ಉಳಿದದ್ದು ಮಲದಲ್ಲಿರುತ್ತದೆ. ಪ್ಯಾರಿಸ್ ಮತ್ತು ಅದರ ಉಪನಗರಗಳನ್ನು ಒಳಗೊಂಡ ಇಲ್-ದ-ಫ್ರಾನ್ಸ್ ಪ್ರಾಂತದಲ್ಲಿ ಈಗ ಸುಮಾರು 1.2 ಕೋಟಿ ಜನರಿದ್ದಾರೆ. ತಲಾ ಅರ್ಧ ಕಿಲೋ ಹಿಡಿದರೂ ವರ್ಷಕ್ಕೆ 6,000 ಟನ್ ರಂಜಕ ಮನುಷ್ಯರ ದೇಹಗಳ ಮೂಲಕವೇ ಹಾದುಹೋಗುತ್ತದೆ.

ಈ ಸಂಖ್ಯೆಗೆ ಅರ್ಥ ಬರಬೇಕಾದರೆ ಅದನ್ನು ಹೊಲದ ಪಕ್ಕದಲ್ಲಿಟ್ಟು ನೋಡಬೇಕು. ಒಂದು ಟನ್ ಗೋಧಿಯ ಕಾಳಿನಲ್ಲಿ ಮೂರು ಕಿಲೋಗಿಂತ ಸ್ವಲ್ಪ ಹೆಚ್ಚು ರಂಜಕವಿರುತ್ತದೆ. ಪ್ಯಾರಿಸ್ ಸುತ್ತಲಿನ ಫಲವತ್ತಾದ ಬಯಲಿನಲ್ಲಿ ಹೆಕ್ಟೇರಿಗೆ ಎಂಟು ಟನ್ ಇಳುವರಿ ಬಂದರೆ, ಕೊಯ್ಲಿನ ಜೊತೆಗೆ ಹೆಕ್ಟೇರಿನಿಂದ ಸುಮಾರು 25 ಕಿಲೋ ರಂಜಕ ಹೊರಹೋಗುತ್ತದೆ. ಹಾಗಾದರೆ 6,000 ಟನ್ ರಂಜಕ ಸುಮಾರು 2.4 ಲಕ್ಷ ಹೆಕ್ಟೇರ್ ಗೋಧಿ ಹೊಲದ ಒಂದು ವರ್ಷದ ನಷ್ಟವನ್ನು ತುಂಬಿಕೊಡಬಲ್ಲದು. ಇಲ್-ದ-ಫ್ರಾನ್ಸ್ ಪ್ರಾಂತದ 12,000 ಚದರ ಕಿಲೋಮೀಟರ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂದಿಗೂ ಕೃಷಿಭೂಮಿಯೇ ಆಗಿದೆ. ಅಂದರೆ ಇಷ್ಟು ದೊಡ್ಡ ನಗರದ ಮಲಮೂತ್ರದಲ್ಲಿರುವ ರಂಜಕವನ್ನು ಜೀರ್ಣಿಸಿಕೊಳ್ಳಲು ಅದರ ಸ್ವಂತ ಪ್ರಾಂತದ ಹೊಲಗಳೇ ಸಾಕು, ಇನ್ನೂ ಜಾಗ ಮಿಗುತ್ತದೆ. ಜಾಗದ ಕೊರತೆ ಇಲ್ಲಿನ ಸಮಸ್ಯೆಯಲ್ಲ ಎಂಬುದನ್ನು ಆರಂಭದಲ್ಲೇ ಮನದಟ್ಟು ಮಾಡಿಕೊಂಡರೆ ಮುಂದಿನ ಕಥೆ ಸ್ಪಷ್ಟವಾಗುತ್ತದೆ.

ಒಣಗಿಸಿದ ಗೊಬ್ಬರದ ಕಾಲ

1801ರಲ್ಲಿ ಪ್ಯಾರಿಸ್ಸಿನ ಜನಸಂಖ್ಯೆ ಐದೂವರೆ ಲಕ್ಷದ ಆಸುಪಾಸಿನಲ್ಲಿತ್ತು. ಮನೆಗಳ ಕೆಳಗೆ ಶೌಚಗುಂಡಿಗಳಿದ್ದವು. ರಾತ್ರಿ ವೇಳೆ ಅವುಗಳನ್ನು ಖಾಲಿ ಮಾಡಿ ನಗರದ ಈಶಾನ್ಯ ಅಂಚಿನ ಮೋಂಫೋಕೋಂ ಎಂಬಲ್ಲಿಗೆ ಸಾಗಿಸಲಾಗುತ್ತಿತ್ತು. ಅಲ್ಲಿ ದೊಡ್ಡ ದೊಡ್ಡ ಹೊಂಡಗಳಲ್ಲಿ ಮಲವನ್ನು ತಂಗಲು ಬಿಟ್ಟು, ಮೇಲಿನ ನೀರನ್ನು ಹರಿಯಬಿಟ್ಟು, ಉಳಿದ ಗಟ್ಟಿಯನ್ನು ಬಿಸಿಲು ಗಾಳಿಗೆ ಹರಡಿ ತಿರುವಿ ಒಣಗಿಸಿ, 'ಪುದ್ರೆತ್' ಎಂಬ ಪುಡಿಗೊಬ್ಬರವನ್ನಾಗಿ ಮಾಡಿ ಸುತ್ತಲಿನ ರೈತರಿಗೆ ಮಾರುತ್ತಿದ್ದರು. ದುರ್ನಾತ ಅಸಹನೀಯವಾದಾಗ ಈ ಕೆಲಸವನ್ನು ಇನ್ನೂ ದೂರದ ಬೋಂಡಿ ಕಾಡಿನ ಕಡೆಗೆ ಸ್ಥಳಾಂತರಿಸಿ 1849ರಲ್ಲಿ ಮೋಂಫೋಕೋಂ ಹೊಂಡಗಳನ್ನು ಮುಚ್ಚಲಾಯಿತು.

ಗೊಬ್ಬರ ತಯಾರಿಯ ದೃಷ್ಟಿಯಿಂದ ನೋಡಿದರೆ ಇದು ಒರಟು ವಿಧಾನ. ತಿಂಗಳುಗಟ್ಟಲೆ ಬಯಲಿನಲ್ಲಿ ಬಿದ್ದ ರಾಶಿಯಿಂದ ಸಾರಜನಕದ ಬಹುಪಾಲು ಅಮೋನಿಯವಾಗಿ ಹಾರಿಹೋಗುತ್ತಿತ್ತು. ಮೂತ್ರದ ಅಂಶವೆಲ್ಲ ತಿಳಿನೀರಿನ ಜೊತೆ ಹರಿದು ಕೊನೆಗೆ ನದಿಗೆ ಸೇರುತ್ತಿತ್ತು. ಗಟ್ಟಿಯಲ್ಲಿದ್ದ ರಂಜಕ ಮಾತ್ರ ಎಲ್ಲಿಯೂ ಹೋಗದೆ ಪುಡಿಯಲ್ಲೇ ಉಳಿಯುತ್ತಿತ್ತು. ಪುದ್ರೆತ್ ಕೊಂಡ ರೈತ ತನಗೆ ತಿಳಿಯದೆಯೇ ಮುಖ್ಯವಾಗಿ ಕೊಂಡದ್ದು ರಂಜಕವನ್ನು ಎಂದು ಹೇಳಿದರೆ ತಪ್ಪಾಗದು.

ಶೌಚಗುಂಡಿಯೊಂದೇ ದಾರಿಯಾಗಿರಲಿಲ್ಲ. ನಗರದ ಹತ್ತಾರು ಸಾವಿರ ಕುದುರೆಗಳ ಲದ್ದಿ ನಗರದೊಳಗಿನ ಮತ್ತು ಅಂಚಿನ ತರಕಾರಿ ತೋಟಗಳಿಗೆ ಹೋಗುತ್ತಿತ್ತು. ಬೀದಿಯ ಕೆಸರು ಮತ್ತು ಅಡುಗೆಮನೆಯ ಕಸ ಗಾಡಿಗಳಲ್ಲಿ ಹೊರವಲಯದ ಹೊಲಗಳಿಗೆ ಹೋಗುತ್ತಿದ್ದವು. 1883ರ ಕೊನೆಯಲ್ಲಿ ಪ್ರತಿ ಮನೆಯವರೂ ಮುಚ್ಚಳವಿರುವ ಪಾತ್ರೆಯಲ್ಲೇ ಕಸ ಇಡಬೇಕೆಂದು ಆಜ್ಞೆ ಹೊರಡಿಸಿದ ಆಡಳಿತಾಧಿಕಾರಿ ಯೂಜೆನ್ ಪೂಬೆಲ್‌ನ ಹೆಸರೇ ಫ್ರೆಂಚ್ ಭಾಷೆಯಲ್ಲಿ ಕಸದ ಡಬ್ಬಿಯ ಹೆಸರಾಗಿ ಇಂದಿಗೂ ಉಳಿದಿದೆ. ಆ ಕಸವೂ ಬಹುಮಟ್ಟಿಗೆ ಹೊಲಕ್ಕೇ ಹೋಗುತ್ತಿತ್ತು ಎಂಬುದನ್ನು ಇಲ್ಲಿ ಸೇರಿಸಬೇಕು.

ಮೂಳೆಗಳ ಪ್ರಯಾಣ ಎಲ್ಲಕ್ಕಿಂತ ಕುತೂಹಲಕರವಾದದ್ದು. ಚಿಂದಿ ಆಯುವವರು ಬೀದಿಯಿಂದ, ಕಸಾಯಿಗಳು ಕಸಾಯಿಖಾನೆಯಿಂದ ಒಟ್ಟುಮಾಡಿದ ಮೂಳೆಗಳನ್ನು ಗಾಳಿಯಾಡದಂತೆ ಸುಟ್ಟು ಮೂಳೆ ಇದ್ದಿಲು ತಯಾರಿಸಲಾಗುತ್ತಿತ್ತು. ಸಕ್ಕರೆ ಕಾರ್ಖಾನೆಗಳು ಸಕ್ಕರೆಯ ಪಾಕವನ್ನು ಬಿಳುಪಾಗಿಸಲು ಈ ಇದ್ದಿಲನ್ನು ಬಳಸುತ್ತಿದ್ದವು. ಬಳಸಿ ಬಿಸಾಡಿದ ಇದ್ದಿಲಿನ ಬಹುಭಾಗ ಕ್ಯಾಲ್ಸಿಯಂ ಫಾಸ್ಫೇಟ್ ಆಗಿತ್ತು. ನಾಂತ್ ಬಂದರಿನ ಸುತ್ತಮುತ್ತ ಇದನ್ನು ಹೊಲಕ್ಕೆ ಹಾಕಿ ನೋಡಿದವರಿಗೆ ಫಲಿತಾಂಶ ಬೆರಗು ಹುಟ್ಟಿಸಿತು, ಏಕೆಂದರೆ ಪಶ್ಚಿಮ ಫ್ರಾನ್ಸಿನ, ವಿಶೇಷವಾಗಿ ಬ್ರಿಟನಿಯ, ಗ್ರಾನೈಟ್ ಮೂಲದ ಹುಳಿಮಣ್ಣಿಗೆ ರಂಜಕದ ಹಸಿವು ತೀವ್ರವಾಗಿತ್ತು. ಹೀಗೆ ನಗರದ ಊಟದ ಮೂಳೆ ಸಕ್ಕರೆಯನ್ನು ಬಿಳುಪಾಗಿಸಿ, ಆಮೇಲೆ ನೂರಾರು ಕಿಲೋಮೀಟರ್ ದೂರದ ಬಡ ಹೊಲಗಳಿಗೆ ಜೀವ ಕೊಟ್ಟಿತು. ಬ್ರಿಟನಿಯ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅದು ಮತ್ತೆ ಬರುತ್ತದೆ, ಆದರೆ ಬೇರೆಯೇ ಸ್ಥಿತಿಯಲ್ಲಿ.

ಸಂಶೋಧಕಿ ಸಬೀನ್ ಬಾರ್ಲ್ ಈ ಎಲ್ಲ ಹಾದಿಗಳನ್ನು ಸಾರಜನಕದ ಲೆಕ್ಕದಲ್ಲಿ ಕೂಡಿಸಿ ನೋಡಿದ್ದಾರೆ. ನಗರದ ಆಹಾರದಲ್ಲಿ ಬಂದ ಸಾರಜನಕದಲ್ಲಿ ಕೃಷಿಗೆ ಮರಳಿದ ಪಾಲು 19ನೆಯ ಶತಮಾನದ ಆರಂಭದಲ್ಲಿ ಶೇಕಡಾ 20ರಷ್ಟಿದ್ದದ್ದು 1913ರ ಹೊತ್ತಿಗೆ ಶೇಕಡಾ 40ಕ್ಕೆ ಏರಿತ್ತು. ನಗರ ಐದು ಪಟ್ಟು ಬೆಳೆಯುತ್ತಿದ್ದಾಗಲೇ ಮರುಬಳಕೆಯ ಪಾಲೂ ಎರಡು ಪಟ್ಟಾಯಿತು ಎಂಬುದು ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯಂತ ಮಹತ್ವದ ಸಂಗತಿ. ನಗರ ಬೆಳೆದಂತೆ ಪೋಷಕಾಂಶಗಳ ಚಕ್ರ ಮುರಿಯುವುದು ಅನಿವಾರ್ಯ ಎಂಬ ನಂಬಿಕೆಯನ್ನು ಈ ಒಂದು ಲೆಕ್ಕವೇ ಅಲುಗಾಡಿಸುತ್ತದೆ.

ನೀರು ಬೆರೆತ ಮೇಲೆ

ಶತಮಾನದ ಮಧ್ಯಭಾಗದಲ್ಲಿ ಆಡಳಿತಾಧಿಕಾರಿ ಓಸ್ಮಾನ್ ಮತ್ತು ಆತನ ಎಂಜಿನಿಯರ್ ಬೆಲ್‌ಗ್ರಾಂ ನಗರಕ್ಕೆ ಹೊಸ ನೀರು ತಂದರು, ಹೊಸ ಒಳಚರಂಡಿ ಜಾಲ ಕಟ್ಟಿದರು. ಮನೆಗಳಿಗೆ ನೀರು ಬಂದಂತೆಲ್ಲ ಶೌಚಗುಂಡಿಯೊಳಕ್ಕೂ ನೀರು ಹೋಯಿತು. ಗುಂಡಿ ಬೇಗ ತುಂಬಿತು, ಸಾಗಣೆಯ ಖರ್ಚು ಹೆಚ್ಚಿತು, ಸಾಗಿಸಿದ್ದರಲ್ಲಿ ಗೊಬ್ಬರದ ಸತ್ವ ಕಡಿಮೆಯಾಯಿತು. ಅದೇ ಹೊತ್ತಿಗೆ ಬೀದಿ ನೀರನ್ನೆಲ್ಲ ಒಯ್ಯುವ ದೊಡ್ಡ ಚರಂಡಿ ನಗರ ದಾಟಿದ ಮೇಲೆ ನದಿಯ ಹರಿವಿನ ದಿಕ್ಕಿನಲ್ಲಿರುವ ಆನಿಯೇರ್ ಬಳಿ ಸೇನ್ ನದಿಗೆ ಬಂದು ಬೀಳತೊಡಗಿ, ಅಲ್ಲಿಂದ ಮುಂದಕ್ಕೆ ನದಿ ಕಪ್ಪಗಾಗಿ ಕೊಳೆಯತೊಡಗಿತು.

ಇದಕ್ಕೆ ಅಡಾಲ್ಫ್ ಮಿಲ್ ಮತ್ತು ಆಲ್ಫ್ರೆಡ್ ದ್ಯುರಾಂ-ಕ್ಲೇ ಎಂಬ ಎಂಜಿನಿಯರುಗಳು ಕೊಟ್ಟ ಉತ್ತರ ಸರಳವಾಗಿತ್ತು: ಕೊಳಚೆ ನೀರನ್ನೇ ಹೊಲಕ್ಕೆ ಹಾಯಿಸುವುದು. 1869ರಲ್ಲಿ ನದಿಯ ತಿರುವಿನೊಳಗಿನ ಜೆನ್‌ವಿಲಿಯೇ ಎಂಬ ಮರಳು ಮಣ್ಣಿನ ಬಯಲಿನಲ್ಲಿ ಪ್ರಯೋಗ ಆರಂಭವಾಯಿತು. ಮೊದಲು ಹಿಂಜರಿದ ರೈತರು ಕೋಸು ಮುಂತಾದ ತರಕಾರಿಗಳ ಬೆಳವಣಿಗೆ ಕಂಡ ಮೇಲೆ ತಾವಾಗಿಯೇ ಆ ನೀರನ್ನು ಕೇಳಿ ಪಡೆಯತೊಡಗಿದರು, ಬಂಜರಾಗಿದ್ದ ಭೂಮಿಯ ಗುತ್ತಿಗೆ ಬೆಲೆ ಏರಿತು. ಅಂತರ್ಜಲ ಮೇಲೆದ್ದು ನೆಲಮಾಳಿಗೆಗಳಿಗೆ ನೀರು ನುಗ್ಗುತ್ತಿದೆ ಎಂಬ ದೂರುಗಳೂ ಜೊತೆಯಲ್ಲೇ ಬಂದವು. 1880ರ ಬೇಸಿಗೆಯಲ್ಲಿ ಇಡೀ ನಗರವನ್ನು ಆವರಿಸಿದ ದುರ್ಗಂಧ ಈ ಚರ್ಚೆಯನ್ನು ಬಿರುಸುಗೊಳಿಸಿತು. ಮಲಮೂತ್ರವನ್ನೂ ಚರಂಡಿಗೇ ಬಿಡಬೇಕೇ, ಬೇರೆಯಾಗಿಯೇ ಸಂಗ್ರಹಿಸಬೇಕೇ ಎಂದು ವೈದ್ಯರು, ಎಂಜಿನಿಯರುಗಳು, ಮನೆ ಮಾಲೀಕರು ವರ್ಷಗಟ್ಟಲೆ ವಾದಿಸಿದರು. ಕೊನೆಗೆ 1894ರ ಜುಲೈ 10ರ ಕಾಯಿದೆ ಪ್ಯಾರಿಸ್ಸಿನ ಮನೆ ಮಾಲೀಕರೆಲ್ಲ ಶೌಚವನ್ನು ನೇರವಾಗಿ ಒಳಚರಂಡಿಗೆ ಜೋಡಿಸಬೇಕೆಂದು ಕಡ್ಡಾಯ ಮಾಡಿತು.

ಇಂದಿನ ರಂಜಕದ ಹಾದಿಯನ್ನು ಕಟ್ಟಿಕೊಟ್ಟ ತೀರ್ಮಾನ ಇದೇ ಎಂದು ನಾನು ಭಾವಿಸುತ್ತೇನೆ. ಕಾಲರಾ ಮತ್ತು ವಿಷಮಶೀತ ಜ್ವರಗಳ ನೆನಪು ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಅದನ್ನು ತಪ್ಪು ಎನ್ನುವಂತಿಲ್ಲ, ಎನ್ನುವುದೂ ಇಲ್ಲ. ಆದರೆ ಅದರ ರಾಸಾಯನಿಕ ಪರಿಣಾಮವನ್ನು ಮಾತ್ರ ಕಣ್ಣುಬಿಟ್ಟು ನೋಡಬೇಕು. ಒಬ್ಬ ಮನುಷ್ಯನ ದಿನದ ಮೂತ್ರ ಸುಮಾರು ಒಂದೂವರೆ ಲೀಟರ್. ಅದು ಹೋಗಿ ಸೇರುವ ಕೊಳಚೆ ನೀರು ಇಂದಿನ ಲೆಕ್ಕದಲ್ಲಿ ನೂರೈವತ್ತು ಲೀಟರಿನಷ್ಟು. ಸಾಂದ್ರವಾಗಿದ್ದದ್ದು ನೂರು ಪಟ್ಟು ತೆಳುವಾಯಿತು.

ತೆಳುವಾದ ರಂಜಕವನ್ನು ಹೊಲಕ್ಕೆ ಕೊಡುವುದೆಂದರೆ ಏನು ಎಂಬುದು ಆಶೇರ್ ಬಯಲಿನ ನಿಯಮದಲ್ಲೇ ಕಾಣುತ್ತದೆ. 1895ರಿಂದ ಆಶೇರ್, ಬಳಿಕ ಮೇರಿ-ಪಿಯರ್‌ಲೇ ಮತ್ತು ತ್ರಿಯೆಲ್ ಬಯಲುಗಳನ್ನೂ ಸೇರಿಸಿಕೊಂಡು 20ನೆಯ ಶತಮಾನದ ಆರಂಭಕ್ಕೆ ಸುಮಾರು 5,000 ಹೆಕ್ಟೇರ್ ಭೂಮಿ ನಗರದ ಕೊಳಚೆ ನೀರನ್ನು ಕುಡಿಯುತ್ತಿತ್ತು. ಹೆಕ್ಟೇರಿಗೆ ವರ್ಷಕ್ಕೆ 40,000 ಘನ ಮೀಟರ್ ಎಂಬುದು ನಿಗದಿಯಾದ ಗರಿಷ್ಠ ಮಿತಿ. ಅಂದರೆ ಹೊಲದ ಮೇಲೆ ನಾಲ್ಕು ಮೀಟರ್ ಎತ್ತರದ ನೀರು. ಆ ಪ್ರದೇಶದ ವಾರ್ಷಿಕ ಮಳೆ ಒಂದು ಮೀಟರೂ ಇಲ್ಲ. ಆ ನೀರಿನಲ್ಲಿ ಲೀಟರಿಗೆ ಐದು ಮಿಲಿಗ್ರಾಂ ರಂಜಕವಿತ್ತೆಂದು ಇಟ್ಟುಕೊಂಡರೆ ಹೆಕ್ಟೇರಿಗೆ 200 ಕಿಲೋ ರಂಜಕ ಬಿದ್ದಂತಾಯಿತು. ಮೇಲೆ ಹೇಳಿದ ಒಳ್ಳೆಯ ಗೋಧಿ ಬೆಳೆಯೇ ಒಯ್ಯುವುದು 25 ಕಿಲೋ. ಹೊಲಕ್ಕೆ ಎಷ್ಟು ಬೇಕೆಂದು ನೋಡಿ ಗೊಬ್ಬರ ಕೊಡುವ ವ್ಯವಸ್ಥೆ ಇದಾಗಿರಲಿಲ್ಲ. ನಗರದ ನೀರು ಎಷ್ಟಿದೆಯೋ ಅಷ್ಟನ್ನು ಹೀರಲು ಹೊಲವನ್ನು ಬಳಸಿದ ವ್ಯವಸ್ಥೆಯಾಗಿತ್ತು. ರಂಜಕ ಹೊಲಕ್ಕೆ ಮರಳಿತು ನಿಜ, ಆದರೆ ಅದನ್ನು ಕೊಟ್ಟ ಹೊಲಗಳಿಗೆ ಮರಳಲಿಲ್ಲ. ಲಕ್ಷಾಂತರ ಹೆಕ್ಟೇರುಗಳಿಂದ ಬಂದದ್ದು ಐದು ಸಾವಿರ ಹೆಕ್ಟೇರುಗಳಲ್ಲಿ ಗುಡ್ಡೆಬಿತ್ತು, ಏಕೆಂದರೆ ನೀರನ್ನು ಅದಕ್ಕಿಂತ ದೂರ ಒಯ್ಯುವುದು ಕಾರ್ಯಸಾಧ್ಯವಾಗಿರಲಿಲ್ಲ.

ಪಿಯರ್‌ಲೇ ಬಯಲಿನ ಗತಿ

ಒಳಚರಂಡಿ ಎಲ್ಲವನ್ನೂ ಒಂದೇ ಕೊಳವೆಗೆ ಸೇರಿಸುತ್ತದೆ. ಶೌಚದ ಜೊತೆಗೆ ಬೀದಿ ತೊಳೆದ ನೀರು, ಸೀಸ ಮತ್ತು ಸತುವಿನ ಛಾವಣಿಗಳ ಮೇಲಿಂದ ಇಳಿದ ಮಳೆನೀರು, ಕಾರ್ಖಾನೆಗಳ ತ್ಯಾಜ್ಯ ಎಲ್ಲವೂ ಹೊಲಕ್ಕೆ ಬಂದವು. ರಂಜಕದಂತೆಯೇ ಲೋಹಗಳಿಗೂ ಆವಿಯಾಗುವ ಗುಣವಿಲ್ಲ. ಬೆಳೆ ರಂಜಕವನ್ನು ಸ್ವಲ್ಪಮಟ್ಟಿಗಾದರೂ ಹೊರಗೊಯ್ಯುತ್ತಿತ್ತು. ಸೀಸ, ಸತು, ತಾಮ್ರ, ಕ್ಯಾಡ್ಮಿಯಂಗಳು ಮೇಲ್ಮಣ್ಣಿನಲ್ಲೇ ನೂರು ವರ್ಷ ಕೂಡುತ್ತಾ ಹೋದವು.

1940ರಲ್ಲಿ ಆಶೇರ್‌ನಲ್ಲಿ ಯಾಂತ್ರಿಕ ಶುದ್ಧೀಕರಣ ಘಟಕ ಆರಂಭವಾಯಿತು. ನಗರ ವಿಸ್ತರಿಸಿದಂತೆ ಜೆನ್‌ವಿಲಿಯೇ ತೋಟಗಳು ಬಂದರು ಮತ್ತು ಕಾರ್ಖಾನೆಗಳಿಗೆ ಜಾಗ ಬಿಟ್ಟವು. ಪಿಯರ್‌ಲೇ ಬಯಲಿನಲ್ಲಿ ಮಾತ್ರ ಕೊಳಚೆ ನೀರಿನ ತರಕಾರಿ ಕೃಷಿ 20ನೆಯ ಶತಮಾನದ ಕೊನೆಯವರೆಗೂ ನಡೆಯಿತು. 1990ರ ದಶಕದ ಕೊನೆಯಲ್ಲಿ ಮಣ್ಣಿನ ಮತ್ತು ತರಕಾರಿಗಳ ಪರೀಕ್ಷೆಯಾದ ಬಳಿಕ ಅಲ್ಲಿ ಬೆಳೆದ ತರಕಾರಿಯ ಮಾರಾಟವನ್ನು ಸರ್ಕಾರ ನಿಷೇಧಿಸಿತು. ತಲೆಮಾರುಗಳಿಂದ ಪ್ಯಾರಿಸ್ಸಿಗೆ ತರಕಾರಿ ಉಣಿಸಿದ ಕುಟುಂಬಗಳು ಒಂದು ಆದೇಶದಿಂದ ಕಸುಬು ಕಳೆದುಕೊಂಡವು. ನಗರ ತನ್ನ ಹೊಲಸನ್ನು ಅವರ ನೆಲದಲ್ಲಿ ಇಟ್ಟಿತ್ತು, ಅದರ ಬೆಲೆಯನ್ನು ಅವರು ತೆತ್ತರು. 2019ರಿಂದ ಅದೇ ಬಯಲಿನಲ್ಲಿ ಹತ್ತು ಲಕ್ಷ ಮರಗಳ ಕಾಡು ಬೆಳೆಸುವ ಯೋಜನೆ ನಡೆಯುತ್ತಿದೆ. ಶತಮಾನದ ರಂಜಕ ಸಂಪತ್ತು ಆ ಮಣ್ಣಿನಲ್ಲಿದೆ. ತಿನ್ನುವ ಬೆಳೆಗೆ ಅದನ್ನು ಕೊಡುವಂತಿಲ್ಲ.

ದೂರ ಸರಿದ ಹೊಲ, ಬೇರೆಡೆಗೆ ಹೋದ ಕೊಟ್ಟಿಗೆ

ಈ ನಡುವೆ ಹೊಲದ ಕಡೆಯಲ್ಲೂ ಎಲ್ಲವೂ ಬದಲಾಗಿತ್ತು. ಮೂಳೆ ಮತ್ತು ಫಾಸ್ಫೇಟ್ ಕಲ್ಲನ್ನು ಗಂಧಕಾಮ್ಲದಿಂದ ಸಂಸ್ಕರಿಸಿ ಸೂಪರ್‌ಫಾಸ್ಫೇಟ್ ಮಾಡುವ ವಿಧಾನಕ್ಕೆ 1842ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿತ್ತು. 1880ರ ದಶಕದಲ್ಲಿ ಟುನೀಸಿಯಾದ ಗಫ್ಸಾ ಪ್ರದೇಶದಲ್ಲಿ ಫಾಸ್ಫೇಟ್ ಕಲ್ಲು ಪತ್ತೆಯಾಯಿತು, 1921ರಲ್ಲಿ ಮೊರಾಕ್ಕೊದ ಖುರಿಬ್ಗಾದಲ್ಲಿ ಗಣಿಗಾರಿಕೆ ಆರಂಭವಾಯಿತು. ಉಕ್ಕಿನ ಕುಲುಮೆಗಳ ರಂಜಕಭರಿತ ಕಿಟ್ಟವೂ ಗೊಬ್ಬರವಾಗಿ ಬಂತು. ಒಣಗಿದ, ಹಗುರವಾದ, ವಾಸನೆಯಿಲ್ಲದ, ಬೇಕಾದ ಹೊಲಕ್ಕೆ ಬೇಕಾದಷ್ಟೇ ಹಾಕಬಹುದಾದ ಈ ಗೊಬ್ಬರದ ಮುಂದೆ ನೀರು ತುಂಬಿದ ಕೊಳಚೆಗೆ ಸ್ಪರ್ಧಿಸುವ ಶಕ್ತಿ ಇರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಸೇನ್ ಕೊಳ್ಳದ ಮಧ್ಯಭಾಗ ಧಾನ್ಯದ ಕಣಜವಾಯಿತು, ಪಶುಪಾಲನೆ ಅಲ್ಲಿಂದ ಹೆಚ್ಚುಕಡಿಮೆ ಹೊರಟುಹೋಗಿ ಪಶ್ಚಿಮದಲ್ಲಿ ನೆಲೆನಿಂತಿತು. ಪ್ಯಾರಿಸ್ ತಿನ್ನುವ ಹಂದಿಮಾಂಸ, ಕೋಳಿ, ಹಾಲಿನ ದೊಡ್ಡ ಪಾಲು ಬ್ರಿಟನಿ ಮತ್ತು ಅದರ ನೆರೆಯ ಪ್ರಾಂತಗಳಿಂದ ಬರುತ್ತದೆ. ಆ ಪ್ರಾಣಿಗಳ ಮೇವಿನ ಸೋಯಾ ಬ್ರೆಜಿಲ್ ಮತ್ತು ಅರ್ಜೆಂಟೀನಾಗಳಿಂದ ಹಡಗಿನಲ್ಲಿ ಬರುತ್ತದೆ. ಬ್ರೆಜಿಲಿನ ಕೆಂಪು ಮಣ್ಣು ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿಯ ಹೊಲಕ್ಕೆ ಬೆಳೆ ಒಯ್ಯುವುದಕ್ಕಿಂತ ಹೆಚ್ಚು ಫಾಸ್ಫೇಟ್ ಸುರಿಯಬೇಕು. ಉತ್ತರ ಆಫ್ರಿಕದ ಕಲ್ಲಿನಲ್ಲಿದ್ದ ರಂಜಕದ ಒಂದು ಕಣ ಅಟ್ಲಾಂಟಿಕ್ ಸಾಗರವನ್ನು ಎರಡು ಬಾರಿ ದಾಟಿ, ಬ್ರಿಟನಿಯ ಕೊಟ್ಟಿಗೆಯ ಮೂಲಕ, ಪ್ಯಾರಿಸ್ಸಿನ ಊಟದ ತಟ್ಟೆಗೆ ತಲುಪಬಲ್ಲದು.

ತಟ್ಟೆಗೆ ತಲುಪುವುದು ಮಾತ್ರ ಚಿಕ್ಕ ಪಾಲು. ಧಾನ್ಯ ಮತ್ತು ಸೋಯಾದಲ್ಲಿರುವ ರಂಜಕದ ಹೆಚ್ಚಿನ ಭಾಗ ಫೈಟೇಟ್ ಎಂಬ ಸಂಯುಕ್ತದ ರೂಪದಲ್ಲಿದೆ. ಹಂದಿ ಮತ್ತು ಕೋಳಿಗಳಿಗೆ ಅದನ್ನು ಒಡೆಯುವ ಕಿಣ್ವ ಸಾಕಷ್ಟಿಲ್ಲದ್ದರಿಂದ ಅದು ಹಿಕ್ಕೆಯಲ್ಲೇ ಹೊರಬೀಳುತ್ತದೆ. 1990ರ ದಶಕದಿಂದ ಮೇವಿಗೆ ಫೈಟೇಸ್ ಕಿಣ್ವ ಸೇರಿಸುವ ರೂಢಿ ಬಂದು ಈ ನಷ್ಟ ತಗ್ಗಿದೆ, ಆದರೆ ನಿಂತಿಲ್ಲ. ಪರಿಣಾಮವಾಗಿ, ಒಂದು ಕಾಲದಲ್ಲಿ ಪ್ಯಾರಿಸ್ಸಿನ ಬಳಸಿದ ಮೂಳೆ ಇದ್ದಿಲನ್ನು ಹಣ ಕೊಟ್ಟು ಕೊಳ್ಳುತ್ತಿದ್ದ ಬ್ರಿಟನಿಯ ಮಣ್ಣಿನಲ್ಲಿ ಇಂದು ರಂಜಕ ಅತಿಯಾಗಿದೆ. ನಗರದ ರಂಜಕದ ಹೆಜ್ಜೆಗುರುತನ್ನು ನಗರದ ಕೊಳವೆಗಳಲ್ಲಿ ಮಾತ್ರ ಹುಡುಕಿದರೆ ಈ ದೊಡ್ಡ ಭಾಗ ಕಣ್ಣಿಗೇ ಬೀಳುವುದಿಲ್ಲ.

ಇತ್ತ ಪ್ಯಾರಿಸ್ ಸುತ್ತಲಿನ ಧಾನ್ಯದ ಬಯಲಿನಲ್ಲಿ ನಡೆದದ್ದು ಬೇರೆ. ಯುದ್ಧಾನಂತರದ ದಶಕಗಳಲ್ಲಿ ಅಗತ್ಯಕ್ಕಿಂತ ಬಹಳ ಹೆಚ್ಚು ಫಾಸ್ಫೇಟ್ ಹಾಕಲಾಯಿತು, ಮಣ್ಣಿನಲ್ಲಿ ದಾಸ್ತಾನು ಬೆಳೆಯಿತು. 1970ರ ದಶಕದ ಆರಂಭದ ನಂತರ ಫ್ರಾನ್ಸಿನಲ್ಲಿ ಫಾಸ್ಫೇಟ್ ಗೊಬ್ಬರದ ಬಳಕೆ ಕಡಿದಾಗಿ ಇಳಿದಿದೆ. ಆದರೂ ಇಳುವರಿ ಕುಸಿಯಲಿಲ್ಲ, ಏಕೆಂದರೆ ಬೆಳೆಗಳು ತಾತಂದಿರ ಕಾಲದ ಠೇವಣಿಯನ್ನು ಉಣ್ಣುತ್ತಿವೆ. ಅನೇಕ ಹೊಲಗಳಲ್ಲಿ ಈಗ ಹಾಕುವುದಕ್ಕಿಂತ ತೆಗೆಯುವುದೇ ಹೆಚ್ಚು. ಠೇವಣಿ ಎಷ್ಟು ಕಾಲ ಬಾಳುತ್ತದೆ ಎಂಬುದು ಹೊಲದಿಂದ ಹೊಲಕ್ಕೆ ಬೇರೆಯಾಗುತ್ತದೆ. ಇದು ತುರ್ತಿಲ್ಲದ ಕಾಲ. ವ್ಯವಸ್ಥೆ ಬದಲಿಸಲು ಸಿಕ್ಕಿರುವ ಬಿಡುವು ಎಂದು ನಾನು ಇದನ್ನು ಓದುತ್ತೇನೆ.

ನದಿ ತಿಳಿಯಾದ ಬಗೆ

ಸೇನ್ ನದಿಯಲ್ಲಿ ರಂಜಕ ಅತಿರೇಕಕ್ಕೆ ಹೋದದ್ದು 20ನೆಯ ಶತಮಾನದ ದ್ವಿತೀಯಾರ್ಧದಲ್ಲಿ. ಮಲಮೂತ್ರದ ಜೊತೆಗೆ ಬಟ್ಟೆ ಸೋಪಿನ ಪುಡಿಯಲ್ಲಿದ್ದ ಫಾಸ್ಫೇಟ್ ಕೂಡ ನದಿಗೆ ಬಂತು, ವಸಂತದಲ್ಲಿ ಪಾಚಿ ಉಕ್ಕಿತು. 1991ರ ಮೇ 21ರ ಯುರೋಪಿಯನ್ ನಿರ್ದೇಶನ ಸೂಕ್ಷ್ಮ ಪ್ರದೇಶಗಳ ದೊಡ್ಡ ಶುದ್ಧೀಕರಣ ಘಟಕಗಳಿಗೆ ಲೀಟರಿಗೆ 1 ಮಿಲಿಗ್ರಾಂ ರಂಜಕದ ಮಿತಿ ಹಾಕಿತು, ಇಲ್ಲವೇ ಶೇಕಡಾ 80ರಷ್ಟನ್ನು ತೆಗೆಯಬೇಕೆಂದಿತು. ಫ್ರಾನ್ಸ್ 2007ರಲ್ಲಿ ಮನೆಬಳಕೆಯ ಬಟ್ಟೆ ಸೋಪಿನ ಪುಡಿಯಲ್ಲಿ ಫಾಸ್ಫೇಟನ್ನು ನಿಷೇಧಿಸಿತು. ಆಶೇರ್ ಘಟಕ, ಅಂದರೆ ಇಂದಿನ ಸೇನ್-ಅವಾಲ್, 2000ದ ಹೊತ್ತಿಗೆ ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣ ಬೆರೆಸಿ ರಂಜಕವನ್ನು ತಳಕ್ಕಿಳಿಸುವ ವಿಭಾಗವನ್ನು ಕಟ್ಟಿಕೊಂಡಿತು. ಈ ಮೂರು ಕ್ರಮಗಳಿಂದ ನದಿಯ ರಂಜಕ ಹಲವು ಪಟ್ಟು ಇಳಿಯಿತು. ಹೊಲಗಳಿಂದ ಬಸಿಯುವ ನೈಟ್ರೇಟ್ ಮಾತ್ರ ಹಾಗೆಯೇ ಇದೆ.

ಈ ವ್ಯವಸ್ಥೆ ಎಷ್ಟು ಸೂಕ್ಷ್ಮವಾದದ್ದು ಎಂಬುದು 2019ರ ಜುಲೈ 3ರಂದು ಗೊತ್ತಾಯಿತು. ಅದೇ ಫೆರಿಕ್ ಕ್ಲೋರೈಡ್ ವಿಭಾಗಕ್ಕೆ ಬೆಂಕಿ ಬಿದ್ದು ಘಟಕದ ಸಾಮರ್ಥ್ಯ ಕುಂದಿತು, ಅರೆಬರೆ ಶುದ್ಧವಾದ ನೀರು ನದಿಗೆ ಹೋಯಿತು, ಮೀನುಗಳು ಸತ್ತವು. ನದಿಯ ಆರೋಗ್ಯ ಒಂದು ಕಟ್ಟಡದ ಮೇಲೆ ನಿಂತಿತ್ತು.

ಕಬ್ಬಿಣ ಹಿಡಿದ ರಂಜಕ ಎಲ್ಲಿಗೆ ಹೋಗುತ್ತದೆ? ತಳದ ಕೆಸರಿಗೆ, ಅಂದರೆ ಸ್ಲಡ್ಜ್‌ಗೆ. ಫ್ರಾನ್ಸಿನಲ್ಲಿ ಸ್ಲಡ್ಜ್‌ನ ಹೆಚ್ಚಿನ ಪಾಲು ನೇರವಾಗಿಯೋ ಕಾಂಪೋಸ್ಟ್ ಆಗಿಯೋ ಹೊಲಕ್ಕೆ ಹೋಗುತ್ತದೆ. ಪ್ಯಾರಿಸ್ ಮಹಾನಗರದ ಮೇಲಿನ ಇತ್ತೀಚಿನ ಅಧ್ಯಯನದ ಪ್ರಕಾರ ಮನುಷ್ಯರ ಮಲಮೂತ್ರದ ರಂಜಕದಲ್ಲಿ ಶೇಕಡಾ 40ರ ಆಸುಪಾಸು ಕೃಷಿಗೆ ಮರಳುತ್ತದೆ, ಸಾರಜನಕದಲ್ಲಿ ಮರಳುವುದು ಶೇಕಡಾ ಐದಕ್ಕಿಂತ ಕಡಿಮೆ. ನದಿಯನ್ನು ರಕ್ಷಿಸಲು ಹೊರಟ ಕ್ರಮ ಗೊಬ್ಬರವನ್ನೂ ಉಳಿಸಿತು ಎಂದು ಇದನ್ನು ಓದಬಹುದು. ಆದರೆ ಆ ಶೇಕಡಾ 40ರ ಗುಣವನ್ನೂ ಕೇಳಬೇಕು. ಕಬ್ಬಿಣದ ಫಾಸ್ಫೇಟ್ ಬೇರಿಗೆ ನಿಧಾನವಾಗಿ ದಕ್ಕುತ್ತದೆ, ಸುಣ್ಣದಂಶ ಹೆಚ್ಚಿರುವ ಪ್ಯಾರಿಸ್ ಕೊಳ್ಳದ ಮಣ್ಣಿನಲ್ಲಂತೂ ಇನ್ನೂ ನಿಧಾನ. ರಂಜಕವನ್ನು ಹರಳುಗೊಬ್ಬರವಾಗಿ ಹಿಂಪಡೆಯುವ ಸ್ಟ್ರುವೈಟ್ ವಿಧಾನಕ್ಕೆ ಅದು ನೀರಿನಲ್ಲಿ ಕರಗಿದ ರೂಪದಲ್ಲಿರಬೇಕು. ಕಬ್ಬಿಣ ಮೊದಲೇ ಹಿಡಿದುಕೊಂಡಿದ್ದರೆ ಸ್ಟ್ರುವೈಟ್ ಆಗಲು ಉಳಿಯುವುದು ಅಲ್ಪ. ಇನ್ನು ಸ್ಲಡ್ಜ್‌ನ ಲೋಹಗಳು ಕಠಿಣ ನಿಯಮಗಳಿಂದ ಬಹಳ ಇಳಿದಿದ್ದರೂ, ಔಷಧಗಳ ಅವಶೇಷ ಮತ್ತು ಸೂಕ್ಷ್ಮ ಪ್ಲಾಸ್ಟಿಕ್ ಕುರಿತ ಆತಂಕ ಅವುಗಳ ಜಾಗಕ್ಕೆ ಬಂದಿದೆ. ಪಿಯರ್‌ಲೇಯ ನೆನಪಿರುವ ರೈತ ಹಿಂಜರಿದರೆ ಅವನನ್ನು ದೂರಲಾಗದು.

ಕಲ್ಲಿನ ಗೊಬ್ಬರವೂ ಈ ಆತಂಕದಿಂದ ಮುಕ್ತವಲ್ಲ. ಉತ್ತರ ಆಫ್ರಿಕದ ಜಲಜ ಶಿಲೆಗಳಲ್ಲಿ ಫಾಸ್ಫೇಟಿನ ಜೊತೆ ಕ್ಯಾಡ್ಮಿಯಂ ಇರುತ್ತದೆ. ಯುರೋಪಿಯನ್ ಒಕ್ಕೂಟ 2022ರ ಜುಲೈಯಿಂದ ಗೊಬ್ಬರದ ಪ್ರತಿ ಕಿಲೋ ಫಾಸ್ಫರಸ್ ಪೆಂಟಾಕ್ಸೈಡ್‌ಗೆ (ಗೊಬ್ಬರದ ರಂಜಕವನ್ನು ಲೆಕ್ಕಹಾಕುವ ರೂಪ) 60 ಮಿಲಿಗ್ರಾಂ ಕ್ಯಾಡ್ಮಿಯಂ ಮಿತಿ ವಿಧಿಸಿದೆ. ಮನುಷ್ಯರ ಮೂತ್ರದಲ್ಲಿ ರಂಜಕಕ್ಕೆ ಹೋಲಿಸಿದರೆ ಕ್ಯಾಡ್ಮಿಯಂ ಅತ್ಯಲ್ಪ, ಏಕೆಂದರೆ ಮೂತ್ರಪಿಂಡ ಅದನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ದೇಹಕ್ಕೆ ಅದು ಕೇಡು. ಗೊಬ್ಬರಕ್ಕೆ ಮಾತ್ರ ಅನುಕೂಲ.

ಮತ್ತೆ ಬೇರ್ಪಡಿಸುವ ಯತ್ನ

ಇದೇ ಕಾರಣಕ್ಕೆ 1894ಕ್ಕೂ ಮುಂಚಿನ ಪ್ರಶ್ನೆ ಈಗ ಮರಳಿ ಬಂದಿದೆ. 2014ರಲ್ಲಿ ಆರಂಭವಾದ ಓಕಾಪಿ ಎಂಬ ಸಂಶೋಧನಾ ಕಾರ್ಯಕ್ರಮ, ಮೂತ್ರವನ್ನು ಮೂಲದಲ್ಲೇ ಪ್ರತ್ಯೇಕಿಸುವುದರಿಂದ ನಗರದ ಆಹಾರ ವ್ಯವಸ್ಥೆ ಹೇಗೆ ಬದಲಾಗಬಹುದೆಂದು ಅಧ್ಯಯನ ಮಾಡುತ್ತಿದೆ. ಕೊಳಚೆ ನೀರಿನ ಪರಿಮಾಣದಲ್ಲಿ ಮೂತ್ರ ಕೇವಲ ಶೇಕಡಾ ಒಂದರಷ್ಟಿದ್ದು, ಮನುಷ್ಯರ ಮೂಲಕ ಬರುವ ರಂಜಕದ ಅರ್ಧಕ್ಕಿಂತ ಹೆಚ್ಚು ಮತ್ತು ಸಾರಜನಕದ ಹೆಚ್ಚಿನ ಪಾಲು ಅದರಲ್ಲೇ ಇವೆ. ನೀರು ಸೇರುವ ಮುನ್ನವೇ ಅದನ್ನು ಬೇರೆ ಕೊಳವೆಗೆ ತಿರುಗಿಸಿದರೆ, ಕೊನೆಯಲ್ಲಿ ಕಬ್ಬಿಣ ಸುರಿದು ಹಿಡಿಯಬೇಕಾದ ರಂಜಕದ ಬಹುಭಾಗ ಅಲ್ಲಿಗೆ ಬರುವುದೇ ಇಲ್ಲ.

ಈ ವಿಧಾನದ ಮಿತಿಗಳನ್ನು ಮರೆಮಾಚಬಾರದು. ಈಗಾಗಲೇ ಕಟ್ಟಿರುವ ಲಕ್ಷಾಂತರ ಮನೆಗಳಲ್ಲಿ ಎರಡನೆಯ ಕೊಳವೆ ಇಳಿಸುವುದು ಸುಲಭವಲ್ಲ. ಮೂತ್ರದ ಕೊಳವೆಗಳಲ್ಲಿ ಫಾಸ್ಫೇಟ್ ಲವಣಗಳೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ. ಶೌಚದ ಪೀಠದ ವಿನ್ಯಾಸ ಎಲ್ಲರಿಗೂ ಹೊಂದುವುದಿಲ್ಲ. ಮೂತ್ರವನ್ನು ಹಾಗೆಯೇ ಸಾಗಿಸಿದರೆ ಭಾರ ಹೆಚ್ಚು, ಸಾಂದ್ರಗೊಳಿಸಿದರೆ ಇಂಧನ ಬೇಕು. ಬ್ರಿಟನಿಯ ಕೊಟ್ಟಿಗೆಯ ಹೆಚ್ಚುವರಿ ರಂಜಕವನ್ನಂತೂ ನಗರದ ಯಾವ ಕೊಳವೆಯೂ ಮುಟ್ಟಲಾರದು. ಅದಕ್ಕೆ ನಗರದ ಜನ ಎಷ್ಟು ಮಾಂಸ ತಿನ್ನುತ್ತಾರೆ, ಧಾನ್ಯದ ಬಯಲಿಗೆ ದನಕರುಗಳು ಮರಳುತ್ತವೆಯೇ ಎಂಬ ಪ್ರಶ್ನೆಗಳಿಗೇ ಉತ್ತರ ಹುಡುಕಬೇಕು.

ಕಾನೂನು ಬದಲಾಗುತ್ತಿದೆ. 2024ರ ನವೆಂಬರಿನಲ್ಲಿ ಅಂಗೀಕಾರವಾದ ಪರಿಷ್ಕೃತ ಯುರೋಪಿಯನ್ ನಿರ್ದೇಶನ ದೊಡ್ಡ ಘಟಕಗಳಿಗೆ ರಂಜಕದ ಮಿತಿಯನ್ನು ಲೀಟರಿಗೆ 0.5 ಮಿಲಿಗ್ರಾಂಗೆ ಇಳಿಸಿದೆ, ರಂಜಕದ ಕನಿಷ್ಠ ಮರುಬಳಕೆ ಪ್ರಮಾಣವನ್ನು ನಿಗದಿ ಮಾಡುವುದಕ್ಕೂ ದಾರಿ ತೆರೆದಿದೆ. ಮಿತಿಯನ್ನು ಇಳಿಸುವುದಷ್ಟೇ ಆದರೆ ಇನ್ನಷ್ಟು ಕಬ್ಬಿಣ ಸುರಿಯುವುದೇ ಸುಲಭದ ದಾರಿ. ಮರುಬಳಕೆಯ ಪ್ರಮಾಣವನ್ನು ಬೆಳೆಗೆ ದಕ್ಕುವ ರಂಜಕದ ಲೆಕ್ಕದಲ್ಲಿ ಹೇಳಿದರೆ ಮಾತ್ರ ಘಟಕಗಳ ವಿನ್ಯಾಸ ಬೇರೆಯಾಗುತ್ತದೆ. ಈ ಎರಡು ಗುರಿಗಳು ಒಂದೇ ಕಾಯಿದೆಯಲ್ಲಿದ್ದರೂ ಎಂಜಿನಿಯರನನ್ನು ಎರಡು ದಿಕ್ಕಿಗೆ ಎಳೆಯುತ್ತವೆ.

ಪ್ಯಾರಿಸ್ಸಿನ 14ನೆಯ ವಿಭಾಗದಲ್ಲಿ, ಹಿಂದೆ ಆಸ್ಪತ್ರೆಯಿದ್ದ ಸೇಂ-ವೆಂಸಾಂ-ದ-ಪೋಲ್ ಎಂಬ ಆವರಣದಲ್ಲಿ, ಸುಮಾರು 600 ಮನೆಗಳ ಹೊಸ ಬಡಾವಣೆಯನ್ನು ಮೂತ್ರಕ್ಕೆ ಪ್ರತ್ಯೇಕ ಕೊಳವೆಯೊಂದಿಗೆ ರೂಪಿಸಲಾಗಿದೆ. ಅಲ್ಲಿ ಸಂಗ್ರಹವಾದದ್ದನ್ನು ಸಂಸ್ಕರಿಸಿ ಗೊಬ್ಬರ ಮಾಡಿ ನಗರದ ಉದ್ಯಾನಗಳಿಗೆ ಕೊಡುವುದು ಯೋಜನೆ. ಮೇಲಿನ ಲೆಕ್ಕದಲ್ಲಿ ನೋಡಿದರೆ, 600 ಮನೆಗಳಲ್ಲಿ ಒಂದೂವರೆ ಸಾವಿರ ಜನರಿದ್ದು ಅವರೆಲ್ಲರ ಮೂತ್ರ ಒಟ್ಟಾದರೂ ವರ್ಷಕ್ಕೆ ಅರ್ಧ ಟನ್ನಿಗೂ ಕಡಿಮೆ ರಂಜಕ, ಅಂದರೆ ಇಪ್ಪತ್ತು ಹೆಕ್ಟೇರ್ ಗೋಧಿಗೆ ಸಾಲುವಷ್ಟು, ನೀರಾಗಲಿ ಸೀಸವಾಗಲಿ ಕಬ್ಬಿಣವಾಗಲಿ ಬೆರೆಯದೆ ಸಿಗುತ್ತದೆ.